ಮೇಡಂ, ಮಾವ ಮತ್ತು ಮೊದಲ ವರ್ಷದ ಕ್ಯಾಲ್ಕುಲಸ್

ಗಣಿತದ ಕ್ಲಾಸಿನಲ್ಲಿ ನಿದ್ದೆ ಬರುತ್ತದೆ ಅನ್ನುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ನಾನು ಬಿಎಸ್ಸಿ ಮೊದಲ ವರ್ಷ ಕ್ಯಾಲ್ಕುಲಸ್ ಕಲಿತ ಕೊಠಡಿಯಲ್ಲಿ ವಾರಕ್ಕೊಂದು ಏನಾದರೂ ನಡೆದೇ ನಡೆಯುತ್ತಿತ್ತು. ಹಾಗೆ ನಡೆದಾಗಲೆಲ್ಲ ಎದ್ದು ನಿಂತಿರುತ್ತಿದ್ದವನು ಸಾಮಾನ್ಯವಾಗಿ ನಾನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವ ಸಂಗತಿಗಳು ಬೇರೆ ಇವೆ, ಅವೂ ಬರುತ್ತವೆ.

ನಾನು ಕೊಪ್ಪಳದ ಕಡೆಯ ಹಳ್ಳಿಯವನು. ನಮ್ಮೂರಿನಿಂದ ಸೈನ್ಸ್ ತಗೊಂಡು ಪಿಯುಸಿ ಪಾಸಾದವರಲ್ಲಿ ಮೊದಲಿಗ. ಗಣಿತದಲ್ಲಿ ನೂರಕ್ಕೆ ತೊಂಬತ್ತಾರು. ಈ ತೊಂಬತ್ತಾರನ್ನು ನಾನು ಊರಲ್ಲಿ ಯಾರಿಗೆ ಹೇಳಿಲ್ಲ ಎಂದು ಹುಡುಕಿದರೆ ಒಂದೆರಡು ಎಮ್ಮೆ ಸಿಗಬಹುದು, ಮನುಷ್ಯರು ಸಿಗಲಿಕ್ಕಿಲ್ಲ.

ಬೆಂಗಳೂರಿನಲ್ಲಿ ನನ್ನನ್ನು ಇಟ್ಟುಕೊಂಡವನು ಸೋದರಮಾವ. ರಾಮಮೂರ್ತಿ ನಗರದಲ್ಲಿ ಗಾರೆ ಮೇಸ್ತ್ರಿ. ಆಗ ಅಲ್ಲಿ ದಿನಕ್ಕೊಂದು ಮನೆ ಏಳುತ್ತಿತ್ತು, ಅವುಗಳಲ್ಲಿ ಅರ್ಧಕ್ಕೆ ನಮ್ಮ ಮಾವನ ಕೈ ತಗುಲಿತ್ತು. ತಾನು ಮಾತ್ರ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಆ ಅರ್ಧ ಕೋಣೆ ನನ್ನದು. ಬಂದ ದಿನವೇ ಮಾವ ನನ್ನನ್ನು ಎದುರು ಕೂರಿಸಿಕೊಂಡು ಮಾತು ಮುಗಿಸಿಬಿಟ್ಟ.

"ಅಳಿಯಾ, ಮೂರು ವರ್ಸ ಊಟ ನಂದು, ಜಾಗ ನಂದು. ಓದು ನಿಂದು. ಯಾವುದರ ಒಂದು ವಿಷಯದಾಗ ಫೇಲಾದಿ ಅಂದ್ರ, ಸೋಮವಾರ ಮುಂಜಾನಿ ಎಂಟಕ್ಕ ನನ್ನ ಕೂಡ ಕೆಲಸಕ್ಕ ಬರಬೇಕು. ಕಾಲೇಜು ಅಲ್ಲಿಗೇ ಬಂದ್."

"ಆಗ್ಲಿ ಬಿಡು ಮಾವ" ಎಂದೆ. ತೊಂಬತ್ತಾರು ತಗೊಂಡವನಿಗೆ ಇದೂ ಒಂದು ಷರತ್ತೇ.

ಟಿನ್ ಫ್ಯಾಕ್ಟರಿಯ ಸೊನ್ನೆ

ಕಾಲೇಜು ಶಿವಾಜಿನಗರ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಕ್ಯಾಲ್ಕುಲಸ್ ಹೇಳುತ್ತಿದ್ದವರು ಒಬ್ಬ ಮೇಡಂ. ಹುಟ್ಟಿದ್ದು ಹಲಸೂರು, ಮನೆ ಲಿಂಗರಾಜಪುರ. ಐದಡಿಗೆ ಒಂದು ಬೆರಳು ಕಡಿಮೆ ಎತ್ತರ, ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ಪುಸ್ತಕ ಗಿಸ್ತಕ ಏನಿಲ್ಲ, ಒಂದು ಸೀಮೆಸುಣ್ಣ ಅಷ್ಟೆ. ಮನೆಮಾತು ತಮಿಳು, ಪಾಠ ಇಂಗ್ಲಿಷು, ಬೈಗುಳ ಕನ್ನಡ. ಬೈಗುಳವೇ ಹೆಚ್ಚು ಅರ್ಥವಾಗುತ್ತಿದ್ದುದರಿಂದ ನಮಗೆ ಅದರ ಮೇಲೆ ಪ್ರೀತಿ ಜಾಸ್ತಿ.

ಮೊದಲ ದಿನ ಬಂದವರೇ ಕೇಳಿದರು: "ಕ್ಯಾಲ್ಕುಲಸ್ ಚೆನ್ನಾಗಿ ಗೊತ್ತಿರೋರು ಯಾರಿದೀರಾ?"

ಎಪ್ಪತ್ತು ಜನರಲ್ಲಿ ನಾನೊಬ್ಬ ಎದ್ದು ನಿಂತೆ. ಕೇಳದಿದ್ದರೂ ತೊಂಬತ್ತಾರನ್ನು ಹೇಳಿದೆ.

"ಎಕ್ಸ್ ಸ್ಕ್ವೇರ್ ಡಿಫರೆನ್ಷಿಯೇಟ್ ಮಾಡಿದ್ರೆ?"

"ಟು ಎಕ್ಸ್ ಮೇಡಂ."

"ಯಾಕೆ?"

ಹದಿನೇಳು ವರ್ಷದ ಬಾಳಿನಲ್ಲಿ ಗಣಿತದ ವಿಷಯಕ್ಕೆ ನನ್ನನ್ನು ಯಾರೂ ಯಾಕೆ ಎಂದು ಕೇಳಿರಲಿಲ್ಲ. "ಗೈಡಿನಲ್ಲಿ ಹಂಗೇ ಐತಿ ಮೇಡಂ" ಎಂದೆ.

ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. "ನೀನು ದಿನಾ ಎಲ್ಲಿಂದ ಬರ್ತೀಯ ಪಾ?"

"ಟಿನ್ ಫ್ಯಾಕ್ಟರಿ ಸ್ಟಾಪಲ್ಲಿ ಬಸ್ ಹತ್ತಿ."

"ಎಷ್ಟು ಹೊತ್ತು?"

"ಒಂದು ಗಂಟೆ."

"ಹತ್ತು ಕಿಲೋಮೀಟರ್ ಅಂತ ಇಟ್ಕೋ. ಹಾಗಾದ್ರೆ ಸ್ಪೀಡು ಗಂಟೆಗೆ ಹತ್ತು. ಹಲಸೂರು ಕೆರೆ ಹತ್ರಾನೂ ಹತ್ತೇನಾ?"

"ಇಲ್ಲ ಮೇಡಂ. ಅಲ್ಲಿ ರೋಡ್ ಖಾಲಿ ಸಿಕ್ಕಿದ್ರೆ ಡ್ರೈವರ್ ಹಾರಿಸ್ತಾನೆ."

"ಕೆರೆ ಹತ್ರ, ಆ ಒಂದೇ ಒಂದು ಕ್ಷಣದಲ್ಲಿ, ಎಷ್ಟಿತ್ತು? ಅದನ್ನ ಹಿಡಿಯೋದೇ ಡೆರಿವೇಟಿವ್. ಈಗ ಹೇಳು, ದಾರೀಲಿ ಎಲ್ಲಾದ್ರೂ ಅದು ಸೊನ್ನೆ ಆಗುತ್ತಾ?"

ಹೀಗೆ ಬಸ್ಸಿನಲ್ಲಿ ಕೂರಿಸಿ ಕ್ಯಾಲ್ಕುಲಸ್ ಹೇಳಿದವರು ಯಾರೂ ಇರಲಿಲ್ಲ. ನನಗೆ ಹುರುಪು ಬಂತು. "ಟಿನ್ ಫ್ಯಾಕ್ಟರೀಲೇ ಸೊನ್ನೆ ಮೇಡಂ. ಜನ ತುಂಬೋ ತನಕ ಬಸ್ಸು ಅಲ್ಲಾಡಂಗಿಲ್ಲ."

"ಇಂಜಿನ್ ಆನ್ ಇರುತ್ತಾ?"

"ಇರುತ್ತೆ ಮೇಡಂ. ಸದ್ದೂ ಇರುತ್ತೆ, ಹೊಗೇನೂ ಇರುತ್ತೆ. ಮುಂದಕ್ಕೆ ಮಾತ್ರ ಹೋಗಲ್ಲ."

"ನಿನ್ನ ತೊಂಬತ್ತಾರೂ ಹಾಗೇ ಪಾ" ಎಂದರು ಮೇಡಂ. "ಬಾ, ಮುಂದಿನ ಬೆಂಚಲ್ಲಿ ಕೂತ್ಕೋ."

ಇಬ್ಬರು ಸೊಸೆಯರು

ಮುಂದಿನ ಬೆಂಚಿನಲ್ಲಿ ಪಕ್ಕಕ್ಕೆ ಸಿಕ್ಕವನು ಶಿವಾಜಿನಗರದ ಹುಡುಗ. ಅವನ ಅಪ್ಪನಿಗೆ ಸ್ಕೂಟರ್ ರಿಪೇರಿ ಶೆಡ್ಡು. ಅವನೂ ಶಿಕ್ಷೆಯ ಮೇಲೆ ಮುಂದೆ ಬಂದವನೇ. ನಮ್ಮಿಬ್ಬರಿಗೂ ತಲೆಗೆ ಹತ್ತದ್ದು ಲಿಮಿಟ್. ಎಕ್ಸ್ ಅನ್ನುವುದು ಎ ಹತ್ತಿರ ಹೋಗುತ್ತದೆ, ಇನ್ನೂ ಹತ್ತಿರ ಹೋಗುತ್ತದೆ, ಆದರೆ ಎ ಆಗುವುದಿಲ್ಲ.

"ಅಷ್ಟು ಹತ್ರ ಹೋಗಿ ಮುಟ್ಟೋದಿಲ್ಲ ಅಂದ್ರೆ ಯಾಕೆ ಹೋಗ್ಬೇಕಿತ್ತು ಮಗಾ" ಎಂದು ಅವನು ಕೇಳಿದ. ಕೇಳಿದ್ದು ನನ್ನನ್ನು, ಕೇಳಿಸಿದ್ದು ಮೇಡಂಗೆ.

"ಎದ್ದು ನಿಂತು ಕೇಳು" ಎಂದರು. ಅವನು ಏಳಲಿಲ್ಲ. ನಾನು ಎದ್ದೆ, ಯಾಕೆಂದರೆ ಅಷ್ಟರಲ್ಲಿ ನನಗೆ ಹೊಳೆದುಬಿಟ್ಟಿತ್ತು.

"ಮೇಡಂ, ನಮ್ಮೂರ ಕಡೆ ಸೊಸಿ ಆದಾಕಿ ಮಾವನ ಎದುರಿಗೆ ಬರಂಗಿಲ್ಲ. ಮಾವ ಪಡಸಾಲ್ಯಾಗ ಕುಂತಿರ್ತಾನ. ಸೊಸಿ ಚಾ ಹಿಡಕೊಂಡು ಒಳಗಿಂದ ಬರ್ತಾಳ, ಹೊಸ್ತಿಲ ತನಕ ಬರ್ತಾಳ, ಕೈ ಚಾಚಿ ಹೊಸ್ತಿಲ ಮ್ಯಾಲೆ ಇಟ್ಟು ಹೋಗ್ತಾಳ. ಮುಖ ತೋರಿಸಂಗಿಲ್ಲ. ಆದ್ರೂ ಆಕಿ ಯಾರ ಕಡೆ ಬಂದ್ಲು ಅಂತ ಮನಿಮಂದಿಗೆಲ್ಲ ಗೊತ್ತು. ಅದು ಲಿಮಿಟ್."

 ಮೇಡಂ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಅವರು ಸೀಮೆಸುಣ್ಣ ಕೆಳಗಿಡುವುದೆಂದರೆ ಬೇರೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದಷ್ಟು.

"ಸರಿ. ಎಡಗಡೆಯಿಂದ ಲಿಮಿಟ್, ಬಲಗಡೆಯಿಂದ ಲಿಮಿಟ್?"

"ಎರಡು ಬಾಗಿಲ ಮನಿ ಮೇಡಂ. ಅಡಗಿ ಮನಿ ಬಾಗಿಲದಿಂದ ಹಿರಿ ಸೊಸಿ, ದನದ ಮನಿ ಬಾಗಿಲದಿಂದ ಕಿರಿ ಸೊಸಿ. ಇಬ್ರೂ ಒಬ್ಬನೇ ಮಾವನ ಕಡೆ ಬಂದ್ರ ಲಿಮಿಟ್ ಐತಿ ಅಂತ ಲೆಕ್ಕ."

"ಇಬ್ರೂ ಬೇರೆ ಬೇರೆ ಕಡೆ ಹೋದ್ರೆ?"

"ಮನಿ ಪಾಲಾಗೇತಿ ಅಂತ ಲೆಕ್ಕ ಮೇಡಂ."

ಮುಂದಿನ ವರ್ಷದ ಹುಡುಗರಿಗೆ ಮೇಡಂ ಲಿಮಿಟ್ ಹೇಳಿದ್ದು ಇದೇ ಸೊಸೆಯರನ್ನು ಕರೆತಂದು. ನಾನು ಬಾಗಿಲ ಹೊರಗೆ ನಿಂತು ಕೇಳಿ ಬಂದೆ. ನನ್ನ ಹೆಸರು ಹೇಳಲಿಲ್ಲ, ಆದರೆ ಚಹಾ ನನ್ನದೇ.

ಗಾಜಿನ ಮೇಲಿನ ಧೂಳು

ಕಾಲೇಜಿನ ಕಿರುಪರೀಕ್ಷೆ ಬಂತು. ಇಪ್ಪತ್ತೈದು ಅಂಕ. ನಾನು ಸೀನಿಯರ್ ಒಬ್ಬನ ನೋಟ್ಸ್ ಸಂಪಾದಿಸಿ ಶಿವಾಜಿನಗರದ ಒಂದು ಸಣ್ಣ ಅಂಗಡಿಯಲ್ಲಿ ಹನ್ನೊಂದು ಪ್ರತಿ ಜೆರಾಕ್ಸ್ ಮಾಡಿಸಿದೆ. ಹತ್ತು ಪ್ರತಿ ಗೆಳೆಯರಿಗೆ ಹಂಚಿದೆ. ಹಳ್ಳಿಯವರ ದೊಡ್ಡ ಮನಸ್ಸು ಇವರಿಗೂ ಗೊತ್ತಾಗಲಿ ಎಂದು.

ಆಮೇಲೆ ಎರಡು ದಿನ ಕೂತು ಎಲ್ಲವನ್ನೂ ಬಾಯಿಪಾಠ ಮಾಡಿದೆ. ನನ್ನ ಬಾಯಿಪಾಠದ ಬಗ್ಗೆ ಒಂದು ಮಾತು ಹೇಳಲೇಬೇಕು. ಪುಟದಲ್ಲಿ ಏನಿದೆಯೋ ಅದು ಹಾಗೆಯೇ ತಲೆಯಲ್ಲಿ ಕೂರುತ್ತದೆ, ಸಾಲು ಮುರಿದ ಕಡೆಯೇ ಮುರಿಯುತ್ತದೆ.

ಉತ್ತರ ಪತ್ರಿಕೆ ಕೊಡುವ ದಿನ ಮೇಡಂ ಹನ್ನೊಂದು ಜನರನ್ನು ನಿಲ್ಲಿಸಿದರು. ಎಲ್ಲರಿಗೂ ಸೊನ್ನೆ.

"ಮೂರನೇ ಸಾಲಲ್ಲಿ ವೈ ಮೇಲೆ ಒಂದು ಡ್ಯಾಶ್ ಇದೆ" ಎಂದರು. "ಡ್ಯಾಶ್ ಹಾಕಿದ್ರೆ ಅದು ಡೆರಿವೇಟಿವ್. ಮೂರನೇ ಸಾಲಲ್ಲಿ ಹುಟ್ಟಿದೆ, ನಾಲ್ಕನೇ ಸಾಲಲ್ಲಿ ಕಾಣಿಸ್ತಿಲ್ಲ. ಹನ್ನೊಂದು ಪೇಪರಲ್ಲೂ ಅಲ್ಲೇ ಹುಟ್ಟಿ ಅಲ್ಲೇ ಸತ್ತಿದೆ. ಏನಾಯ್ತು ಅದಕ್ಕೆ?"



ಮೇಡಂ ತಮ್ಮ ಚೀಲದಿಂದ ಮಡಿಸಿದ ಒಂದು ಹಾಳೆ ತೆಗೆದರು. ಅವರ ರೇಷನ್ ಕಾರ್ಡಿನ ಜೆರಾಕ್ಸ್. "ಇದನ್ನ ಹೋದ ವಾರ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಮಾಡಿಸಿದ್ದು. ಅವನ ಗಾಜಿನ ಮೇಲೆ ಒಂದು ಧೂಳಿನ ಗೆರೆ ಇದೆ. ಏನಿಟ್ಟರೂ ಅದೇ ಜಾಗದಲ್ಲಿ ಒಂದು ಡ್ಯಾಶ್ ಬೀಳುತ್ತೆ. ನನ್ನ ಕಾರ್ಡಲ್ಲಿ ನನ್ನ ವಯಸ್ಸಿನ ಮೇಲೆ ಬಿದ್ದಿದೆ."

ಉತ್ತರ ನೋಡಿ ಅಂಗಡಿ ಹೇಳಿದರು. ನಮ್ಮೂರಲ್ಲಿ ಹೆಜ್ಜೆ ಗುರುತು ನೋಡಿ ಯಾರ ಎತ್ತು ಎಂದು ಹೇಳುವ ಮುದುಕ ಒಬ್ಬ ಇದ್ದ. ಅವನ ನಂತರ ಇವರನ್ನೇ ನೋಡಿದ್ದು ನಾನು.

ಪಕ್ಕದ ಗೆಳೆಯ ಪಿಸುಗುಟ್ಟಿದ: "ಕ್ಯಾ ರೇ, ಧೂಳು ಕೂಡ ಬಿಡಲಿಲ್ವಲ್ಲೋ ನೀನು."

ಮೇಡಂ ನನ್ನ ಕಡೆ ತಿರುಗಿದರು. "ನೋಟ್ಸ್ ಹಂಚಿದ ದಾನಶೂರ ನೀನೇ ಅಂತ ಗೊತ್ತಾಯ್ತು. ಈಗ ಹೇಳು, ನನ್ನ ವಯಸ್ಸಿನ ಮೇಲೆ ಡ್ಯಾಶ್ ಬಿದ್ದಿದೆ. ಕಾಲ ಹೋದ ಹಾಗೆ ನನ್ನ ವಯಸ್ಸಿನ ಡೆರಿವೇಟಿವ್ ಎಷ್ಟು?"

ಇದು ಯಾವ ನೋಟ್ಸಿನಲ್ಲೂ ಇರಲಿಲ್ಲ. ತಲೆ ಕೆರೆದುಕೊಂಡೆ. ವರ್ಷ ಒಂದು ಹೋದರೆ ವಯಸ್ಸು ಎಷ್ಟು ಏರುತ್ತದೆ?

"ಒಂದು ಮೇಡಂ. ನಿಮ್ಮದೂ ಒಂದೇ, ನಂದೂ ಒಂದೇ."

ಮೇಡಂ ಕೆಂಪು ಪೆನ್ನು ತೆಗೆದು ನನ್ನ ಸೊನ್ನೆಯನ್ನು ಹೊಡೆದು ಒಂದು ಮಾಡಿದರು. "ಈ ವರ್ಷ ನೀನೇ ಯೋಚಿಸಿ ತಗೊಂಡ ಮೊದಲನೇ ಮಾರ್ಕು. ನಾಳೆ ಮನೆಯಿಂದ ದೊಡ್ಡವರನ್ನ ಕರ್ಕೊಂಡು ಬಾ."

ಹನ್ನೊಂದು ಜನರಲ್ಲಿ ಅತಿ ಹೆಚ್ಚು ಅಂಕ ಬಂದದ್ದು ನನಗೇ.

ಮಾವ ಕಾಲೇಜಿಗೆ ಬಂದದ್ದು

ಮಾವನಿಗೆ ಹೇಗೋ ಹೇಳಿದೆ. ಕಿರುಪರೀಕ್ಷೆಯನ್ನು ಮಾವ ಫೇಲಿನ ಲೆಕ್ಕಕ್ಕೆ ಹಿಡಿಯುತ್ತಾನೋ ಇಲ್ಲವೋ ಎಂಬ ಚಿಂತೆ ಇತ್ತು. ಮಾವ ಒಗೆದ ಅಂಗಿ ಹಾಕಿಕೊಂಡು, ಉಗುರಿನ ಸಂದಿಯ ಸಿಮೆಂಟು ಕೆರೆದುಕೊಂಡು ನನ್ನ ಜೊತೆ ಬಸ್ಸು ಹತ್ತಿದ.

ನಾವು ಹೋದಾಗ ಮೇಡಂ ಖಾಲಿ ಕ್ಲಾಸಿನಲ್ಲಿ ಮುಂದಿನ ಪಾಠಕ್ಕೆ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದರು. ನಿಂತಲ್ಲೇ ಕೈ ಬೀಸಿ ಒಂದು ವೃತ್ತ ಎಳೆದರು. ಮಾವ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಸೀದಾ ಬೋರ್ಡಿನ ಹತ್ತಿರ ಹೋಗಿ, ನಡುವಿನ ಚುಕ್ಕೆಯಿಂದ ಗೆರೆಯ ತನಕ ಗೇಣು ಹಾಕಿ ಅಳೆದ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ.

"ಏನ್ರೀ ಮಾಡ್ತಿದೀರಾ?" ಎಂದರು ಮೇಡಂ.

"ನಾಕೂ ಕಡಿ ಒಂದ ಅಳತಿ ಬಂತ್ರೀ ಅಕ್ಕೋರ" ಎಂದ ಮಾವ. "ನಾ ಇಪ್ಪತ್ತು ವರ್ಸದಿಂದ ಬಾವಿ ಕಟ್ಟೀ ಕಟ್ಟಾಕತ್ತೀನಿ. ಮೊಳಿ ಹೊಡದು ದಾರ ಕಟ್ಟದ ನನಗ ಒಂದು ಗುಂಡು ಗೆರಿ ಬಂದಿಲ್ಲ." ಎಂದವನೇ ಕೈ ಮುಗಿದ.

ನನ್ನ ಒಂದು ಅಂಕದ ಮಾತು ಅಲ್ಲಿಗೆ ಹಿಂದೆ ಬಿತ್ತು. ಮೇಡಂ ಮಾವನನ್ನು ಕೂರಿಸಿ ನೀರು ಕೊಟ್ಟರು. ಮಾವ ಒಂದು ಕಣ್ಣು ಮುಚ್ಚಿ ಕ್ಲಾಸಿನ ಗೋಡೆ ನೋಡಿ, "ಇದು ಅರ್ಧ ಇಂಚು ವಾಲೇತ್ರಿ" ಎಂದ. ಮೇಡಂ, "ಹೌದಾ, ನಾನೂ ಬಹಳ ದಿನದಿಂದ ಅಂದ್ಕೊಂಡಿದ್ದೆ" ಎಂದರು. ಇಬ್ಬರೂ ಸೇರಿ ಕಾಲು ಗಂಟೆ ಗೋಡೆ ನೋಡಿದರು. ನಾನು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದೆ.

ಹೊರಡುವಾಗ ಮೇಡಂ ಕೇಳಿದರು: "ನಮ್ಮ ಮನೆ ಮುಂದೆ ಒಂದು ನೀರಿನ ಸಂಪು ಕಟ್ಟಿಸ್ಬೇಕಿತ್ತು. ನಾಲ್ಕು ಸಾವಿರ ಲೀಟರ್. ನೀವು ಬರ್ತೀರಾ?"

"ಬರ್ತೀನ್ರೀ" ಎಂದ ಮಾವ. ಆಮೇಲೆ ನೆನಪಾದವನಂತೆ ನನ್ನ ಕಡೆ ಬೆರಳು ತೋರಿಸಿದ. "ಇವಂದು ಏನೋ ದೂರು ಐತಿ ಅಂದಿದ್ರಿ?"

"ಇವನಾ? ಬುದ್ಧಿ ಇದೆ. ಅದನ್ನ ಯಾವಾಗ ಉಪಯೋಗಿಸ್ಬೇಕು ಅಂತ ಗೊತ್ತಿಲ್ಲ, ಅಷ್ಟೇ."

ಬಸ್ಸಿನಲ್ಲಿ ಮಾವನಿಗೆ ನಾನು ಮೊದಲರ್ಧ ಮಾತನ್ನು ಎರಡು ಸಲ ನೆನಪಿಸಿದೆ.

ಮುಚ್ಚಳ

ಸಂಪಿನ ಅಳತೆ ನಾನೇ ಹಾಕಿಕೊಡುತ್ತೇನೆ ಎಂದು ಹಟ ಹಿಡಿದೆ. ಆ ವಾರವೇ ಕ್ಲಾಸಿನಲ್ಲಿ ಆ ಪಾಠ ಆಗಿತ್ತು: ಇಷ್ಟೇ ನೀರು ಹಿಡಿಯುವ ಡಬ್ಬಿಗೆ ಅತಿ ಕಡಿಮೆ ತಗಡು ಸಾಕಾಗಬೇಕಾದರೆ ಅಳತೆ ಎಷ್ಟಿರಬೇಕು? ತಗಡಿನ ಜಾಗದಲ್ಲಿ ಇಟ್ಟಿಗೆ ಎಂದುಕೊಂಡರೆ ಮುಗಿಯಿತು. ಡಿಫರೆನ್ಷಿಯೇಟ್ ಮಾಡಿ ಸೊನ್ನೆಗೆ ಸಮ ಮಾಡಿದೆ. ಅಗಲ ಆಳದ ಎರಡರಷ್ಟು ಇರಬೇಕು ಎಂದು ಬಂತು.

"ಆರೂವರೆ ಅಡಿ ಉದ್ದ, ಆರೂವರೆ ಅಡಿ ಅಗಲ, ಮೂರೂಕಾಲು ಅಡಿ ಆಳ" ಎಂದು ಮಾವನಿಗೆ ಹೇಳಿದೆ.

ಮಾವ ಮೂಗು ಮುರಿದ. "ಐದೂಕಾಲು ಅಡಿ ಚೌಕ, ಅಷ್ಟ ಆಳ. ನಾವು ಯಾವತ್ತೂ ಹಂಗ ತೋಡೋದು."

"ಮಾವ, ಇದು ಕ್ಯಾಲ್ಕುಲಸ್."

"ಆತಪಾ" ಎಂದು ಮಾವ ಲಿಂಗರಾಜಪುರದ ಮೇಡಂ ಮನೆಯ ಅಂಗಳದಲ್ಲಿ ನನ್ನ ಅಳತೆಗೇ ಸುಣ್ಣದ ಪುಡಿಯ ಗೆರೆ ಹಾಕಿದ. ಗೆರೆ ಮೆಟ್ಟಿಲಿನಿಂದ ಹಿಡಿದು ಗೇಟಿನ ತನಕ ಹೋಯಿತು. ಸ್ಕೂಟರು ನಿಲ್ಲಿಸಲು ಜಾಗವಿರಲಿ, ಪೇಪರ್ ಹಾಕುವವನು ಕಾಲಿಡಲೂ ಜಾಗ ಉಳಿಯಲಿಲ್ಲ.

ಮೇಡಂ ಸಂಜೆ ಕಾಲೇಜಿನಿಂದ ಬಂದು ಗೇಟಿನ ಹೊರಗೇ ನಿಂತು ನೋಡಿದರು. ನಾನು ಲೆಕ್ಕದ ಹಾಳೆ ಕೊಟ್ಟೆ. ಮೇಲಿಂದ ಕೆಳಗೆ ಓದಿದರು.

"ಲೆಕ್ಕ ಸರಿಯಾಗಿದೆ. ಮುಚ್ಚಳ ಎಲ್ಲಿ?"

"ಯಾವ ಮುಚ್ಚಳ ಮೇಡಂ?"

"ಸಂಪಿನ ಮೇಲೆ ಸ್ಲ್ಯಾಬ್ ಹಾಕಲ್ವಾ ಪಾ? ಮಗು ಬಿದ್ರೆ? ನೀನು ಮಾಡಿರೋದು ತೆರೆದ ಡಬ್ಬಿ ಲೆಕ್ಕ."

"ಪುಸ್ತಕದ ಡಬ್ಬಿಗೆ ಮುಚ್ಚಳ ಇರಲಿಲ್ಲ ಮೇಡಂ."

ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ಮುಚ್ಚಳ ಸೇರಿಸಿ ಮತ್ತೆ ಮಾಡಿಸಿದರು. ಉದ್ದ, ಅಗಲ, ಆಳ ಮೂರೂ ಸಮ ಎಂದು ಬಂತು. ಅಡಿಗೆ ಇಳಿಸಿದರೆ ಹೆಚ್ಚುಕಡಿಮೆ ಐದೂಕಾಲು.

ನಾನು ಎದೆಯುಬ್ಬಿಸಿ ಮಾವನ ಕಡೆ ತಿರುಗಿದೆ. "ನೋಡು ಮಾವ, ನೀ ಹೇಳಿದ್ದು ಸರಿ ಐತಿ ಅಂತ ಕ್ಯಾಲ್ಕುಲಸ್ ಒಪ್ಪೇತಿ."

"ದೊಡ್ಡ ಮನಸ್ಸು ಅದರದು" ಎಂದು ಮಾವ ಹಾರೆ ಎತ್ತಿಕೊಂಡ.

ಎಡಕ್ಕೂ ಐ, ಬಲಕ್ಕೂ ಐ

ವರ್ಷದ ಕೊನೆಯ ಪರೀಕ್ಷೆ. ಈ ಸಲ ಬಾಯಿಪಾಠ ಮಾಡಿರಲಿಲ್ಲ. ಎಲ್ಲವನ್ನೂ ನಾನೇ ಯೋಚಿಸಿ ಬರೆಯುತ್ತೇನೆ ಎಂದು ತೀರ್ಮಾನಿಸಿದ್ದೆ, ಇದನ್ನು ಬಸ್ಸಿನಲ್ಲಿ ಪರಿಚಯ ಇಲ್ಲದವರಿಗೂ ಹೇಳಿದ್ದೆ.

ಒಂದು ದೊಡ್ಡ ಇಂಟಿಗ್ರೇಷನ್ ಇತ್ತು. ಅದಕ್ಕೆ ಐ ಎಂದು ಹೆಸರಿಟ್ಟು ಶುರು ಮಾಡಿದೆ. ಭಾಗ ಮಾಡಿ ಬಿಡಿಸುವ ಜಾತಿಯದು. ಒಂದು ಸಲ ಬಿಡಿಸಿದೆ, ಇನ್ನೊಂದು ಹುಟ್ಟಿತು. ಅದನ್ನೂ ಬಿಡಿಸಿದೆ. ಎರಡನೇ ಸಲ ಬಿಡಿಸುವಾಗ ಯಾವುದನ್ನು ಮೊದಲು ಹಿಡಿಯಬೇಕೋ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದೆ ಎಂದು ಆಮೇಲೆ ಗೊತ್ತಾಯಿತು. ಅಡಿಷನಲ್ ಶೀಟಿನ ಮೇಲೆ ಅಡಿಷನಲ್ ಶೀಟು ತಗೊಂಡೆ. ಮೇಲ್ವಿಚಾರಕರು ನನಗೆ ದಾರ ಕೊಟ್ಟು ಕೊಟ್ಟು ಸುಸ್ತಾದರು. ನಾಲ್ಕನೇ ಹಾಳೆಯ ಕೊನೆಗೆ ಎಲ್ಲ ಹೊಡೆದು ಹೋಗಿ ಒಂದೇ ಸಾಲು ಉಳಿಯಿತು: ಐ ಸಮ ಐ.

ಮುಕ್ಕಾಲು ಗಂಟೆ ನಡೆದು ಹೊರಟ ಮನೆಯ ಬಾಗಿಲಿಗೇ ಬಂದು ನಿಂತಿದ್ದೆ. ಆದರೆ ಸುಳ್ಳೇನಲ್ಲವಲ್ಲ. ಎಡಕ್ಕೂ ಐ, ಬಲಕ್ಕೂ ಐ, ಯಾರು ತಪ್ಪು ಎನ್ನುತ್ತಾರೆ? ಕೆಳಗೆ ಎರಡು ಗೆರೆ ಎಳೆದು "ಸಾಧಿಸಿದೆ" ಎಂದು ಬರೆದೆ.

ಫಲಿತಾಂಶ ಬಂತು. ಪಾಸಾಗಲು ಮೂವತ್ತೈದು. ನನಗೆ ಮೂವತ್ನಾಲ್ಕು. ಶೆಡ್ಡಿನ ಗೆಳೆಯನಿಗೆ ಸರಿಯಾಗಿ ಮೂವತ್ತೈದು. ಅವನು ನನ್ನ ಹೆಗಲ ಮೇಲೆ ಕೈ ಹಾಕಿದ.

"ಫಿಕರ್ ನಕ್ಕೋ ಮಗಾ. ಒಂದು ಮಾರ್ಕ್ ಅಂದ್ರೆ ಏನು, ಡೆಲ್ಟಾ ಅಷ್ಟೇ. ಅಷ್ಟು ಸಣ್ಣದನ್ನ ಬಿಟ್ಬಿಡ್ಬಹುದು ಅಂತ ಮೇಡಮ್ಮೇ ಹೇಳಿದಾರೆ."

"ಆ ಡೆಲ್ಟಾ ನಿಂದಾಗಿದ್ರೆ ಬಿಡ್ತಿದ್ದೆಯಾ?"

"ಹುಚ್ಚಾ, ನಂದು ಯಾಕೆ ಬಿಡ್ಲಿ" ಎಂದ.

ನಲವತ್ತು ಅಡಿ

ಮಾವ ಮಾತಿಗೆ ತಪ್ಪುವವನಲ್ಲ. ಸೋಮವಾರ ಮುಂಜಾನೆ ಎಂಟಕ್ಕೆ ನನ್ನನ್ನು ಕರೆದುಕೊಂಡು ಹೊರಟ. ಅತ್ತೆ ಬುತ್ತಿ ಕಟ್ಟುವಾಗ ಕಣ್ಣೊರೆಸಿಕೊಂಡಳು. ನಾನು ಅಳಲಿಲ್ಲ. ಆದರೆ ಮುಂದಿನ ಬೆಂಚು, ಆ ಸೀಮೆಸುಣ್ಣ, ಆ ವೃತ್ತ ಎಲ್ಲ ಇನ್ನು ಮುಗಿಯಿತು ಎಂದುಕೊಂಡಾಗ ಬುತ್ತಿ ಭಾರವಾಯಿತು. ಅಕ್ಟೋಬರಿನಲ್ಲಿ ಮತ್ತೆ ಬರೆಯಬಹುದಿತ್ತು. ಮಾವನ ಷರತ್ತಿನಲ್ಲಿ ಅಕ್ಟೋಬರ್ ಇರಲಿಲ್ಲ.

ಕೆಲಸ ರಾಮಮೂರ್ತಿ ನಗರದಲ್ಲೇ, ಒಂದು ಹೊಸ ಮನೆಯ ಕಾಂಪೌಂಡ್ ಗೋಡೆ. ನಲವತ್ತು ಅಡಿ ಉದ್ದ. ಪಕ್ಕದ್ದು ಖಾಲಿ ಸೈಟು. ಮಾವ ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ಟಿ, ಇಟ್ಟಿಗೆ ಹೇಗೆ ಕೂರಿಸಬೇಕೆಂದು ತೋರಿಸಿ, "ನಾ ಕೆ.ಆರ್. ಪುರದಾಗ ಇನ್ನೊಂದು ಕೆಲಸ ನೋಡಿ ಮಧ್ಯಾ‌ಹ್ನ ಬರ್ತೀನಿ. ದಾರ ಬಿಟ್ಟು ಆ ಕಡಿ ಈ ಕಡಿ ಹೋಗಬ್ಯಾಡ" ಎಂದು ಹೇಳಿ ಹೋದ.

ಆ ದಾರ ನನ್ನ ಕೈಗೆ ಅಡ್ಡ ಬರುತ್ತಿತ್ತು. ಕ್ಯಾಲ್ಕುಲಸ್ ಓದಿದವನಿಗೆ ದಾರ ಯಾಕೆ ಎಂದು ಬಿಚ್ಚಿಟ್ಟೆ. ಒಂದು ಇಟ್ಟಿಗೆ ಇಟ್ಟು, ಅದರ ನೇರಕ್ಕೆ ಇನ್ನೊಂದು. ಎರಡನೆಯದು ಕೂದಲೆಳೆಯಷ್ಟು ಓರೆ ಆದರೆ ಆಯಿತು, ಅದು ಡೆಲ್ಟಾ, ಬಿಟ್ಟುಬಿಡಬಹುದು. ಮೂರನೆಯದು ಎರಡನೆಯದರ ನೇರಕ್ಕೆ. ಅದೂ ಕೂದಲೆಳೆಯಷ್ಟು. ಅದನ್ನೂ ಬಿಟ್ಟೆ. ಕೈ ಚುರುಕಾಗಿ ಓಡಿತು. ಮಾವನ ಹಳೇ ಕೆಲಸಗಾರರು ಒಂದು ದಿನಕ್ಕೆ ಮಾಡುವುದನ್ನು ನಾನು ಅರ್ಧ ದಿನಕ್ಕೆ ಮಾಡಿದೆ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಮೂರು ವರಸೆ ಇಟ್ಟಿಗೆ, ಪೂರ್ತಿ ನಲವತ್ತು ಅಡಿ.

ಕೊನೆಯ ಇಟ್ಟಿಗೆ ಇಟ್ಟು ಸೊಂಟ ನೆಟ್ಟಗೆ ಮಾಡಿದಾಗ ಎದುರಿಗೆ ಒಬ್ಬ ಹಿರಿಯರು ಕೊಡೆ ಹಿಡಿದು ನಿಂತಿದ್ದರು. ಪಕ್ಕದ ಖಾಲಿ ಸೈಟಿನ ಯಜಮಾನರು. ರಿಟೈರಾದ ಮೇಲೆ ದಿನಕ್ಕೊಮ್ಮೆ ಬಂದು ಸೈಟು ಇದೆಯೋ ಇಲ್ಲವೋ ನೋಡಿಕೊಂಡು ಹೋಗುವುದು ಅವರ ಕೆಲಸ.

"ಏನಪ್ಪಾ" ಎಂದರು ತಣ್ಣಗೆ, "ಈ ಗೋಡೆ ನಮ್ಮ ಸೈಟಿಗೆ ಯಾವಾಗ ಬಂತು?"

ತಿರುಗಿ ನೋಡಿದೆ. ಶುರುವಾದ ಕಡೆ ಗೋಡೆ ತನ್ನ ಜಾಗದಲ್ಲೇ ಇತ್ತು. ಅಲ್ಲಿಂದ ನಿಧಾನಕ್ಕೆ, ಬಹಳ ಚೆಂದವಾಗಿ ಬಾಗಿ, ಈ ತುದಿಗೆ ಬರುವಷ್ಟರಲ್ಲಿ ಒಂದೂವರೆ ಅಡಿ ಅವರ ಸೈಟಿನೊಳಗೆ ಬಂದು ನಿಂತಿತ್ತು. ಬೆಂಗಳೂರಿನಲ್ಲಿ ಕೇಳಿದರೆ ಮಗಳನ್ನಾದರೂ ಕೊಟ್ಟಾರು, ಒಂದೂವರೆ ಅಡಿ ಸೈಟು ಬಿಟ್ಟಾರೆಯೇ. ಅವರು ಕೊಡೆ ಮಡಚಿ ಕೊನೆಯ ಇಟ್ಟಿಗೆಯ ಮೇಲೆ ಕೂತುಬಿಟ್ಟರು. ಮೇಸ್ತ್ರಿ ಬರುವ ತನಕ ಏಳುವುದಿಲ್ಲ ಎಂದರು.

ಮಾವ ಬಂದ. ಒಂದು ಕಣ್ಣು ಮುಚ್ಚಿ ಗೋಡೆಯ ಉದ್ದಕ್ಕೂ ನೋಡಿದ. ಆಮೇಲೆ ಎರಡೂ ಕಣ್ಣು ಮುಚ್ಚಿದ.

"ಒಂದೊಂದು ಇಟ್ಟಂಗಿ ಕಣ್ಣಿಗೆ ಕಾಣದಷ್ಟು ಓರೆ ಮಾವ" ಎಂದೆ. "ಲೆಕ್ಕಕ್ಕ ಹಿಡಿಯೂ ಹಂಗಿಲ್ಲ."

ಮಾವ ಮರುದಿನ ನನ್ನನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಶಿವಾಜಿನಗರದ ಬಸ್ಸು ಹತ್ತಿದ. ಅಲ್ಲಿ ಏನಾಯಿತೆಂದು ಆಮೇಲೆ ಮೇಡಂ ಬಾಯಿಂದಲೇ ಕೇಳಿದೆ.

ಮಾವ ಕೈ ಮುಗಿದು ನಿಂತು ಹೇಳಿದನಂತೆ: "ಅಕ್ಕೋರ, ಫೇಲಾದ್ರ ಕೆಲಸಕ್ಕ ಬರಬೇಕು ಅಂತ ಇವಗ ಹೆದರಿಕಿ ಹಾಕಿದ್ದೆ. ಈಗ ನನಗ ಹೆದರಿಕಿ ಹತ್ತೇತಿ. ಇಂವ ಕಾಲೇಜಿನ್ಯಾಗ ಫೇಲಾದ್ರ ಒಂದು ಹಾಳಿ ಹೋಗ್ತೈತಿ. ನನ್ನ ಕೂಡ ಬಂದ್ರ ಒಂದು ಓಣಿ ಹೋಗ್ತೈತಿ. ಹೆಂಗರ ಮಾಡಿ ಪಾಸ್ ಮಾಡಿಸ್ರಿ."

ಮೇಡಂ ಮಾಡಿದ್ದು ಒಂದೇ ಕೆಲಸ. ಗೋಡೆ ಒಡೆಯಬೇಡಿ, ನಾನು ಬರುವ ತನಕ ನಿಲ್ಲಿಸಿ ಎಂದರು. ಭಾನುವಾರ ಬಂದೇ ಬಂದರು. ಸೈಟಿನ ಯಜಮಾನರು ಕಾವಲು ಕೂತಿದ್ದರು. ಮೇಡಂ ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದು ಹೋದರು, ವಾಪಸು ಬಂದರು, ಸೀರೆಗೆ ಅಂಟಿದ ಧೂಳು ಕೊಡವಿದರು.

"ಸಣ್ಣದು, ಸಣ್ಣದು ಅಂತ ಬಿಟ್ಯಲ್ಲ" ಎಂದರು. "ಒಂದೊಂದಾಗಿದ್ದಾಗ ಬಿಡಬಹುದು ಪಾ. ಎಲ್ಲಾ ಕೂಡಿದ್ರೆ ಎಲ್ಲಿಗೆ ಬರುತ್ತೆ ನೋಡು. ಕೂಡೋದಕ್ಕೇ ಇಂಟಿಗ್ರೇಷನ್ ಅನ್ನೋದು. ಇಷ್ಟು ವರ್ಷ ಬೋರ್ಡ್ ಮೇಲೆ ಹೇಳಿದೀನಿ, ಇಟ್ಟಿಗೇಲಿ ಕಟ್ಟಿ ತೋರಿಸಿದೋನು ನೀನೊಬ್ಬನೇ."

ಆ ಕ್ಷಣ ನನಗೆ ಕ್ಯಾಲ್ಕುಲಸ್ ಅರ್ಥವಾಯಿತು. ನಿಜವಾಗಿ ಅರ್ಥವಾಯಿತು. ನಲವತ್ತು ಅಡಿಯೂ ಒಟ್ಟಿಗೇ.

ಮಾವ ಗೋಡೆ ಒಡೆದು, ದಾರ ಹಿಡಿದು ಮತ್ತೆ ಕಟ್ಟಿದ. ಅಲ್ಲಿಂದ ಅಕ್ಟೋಬರ್ ತನಕ ವಾರಕ್ಕೆ ನಾಲ್ಕು ದಿನ ಲಿಂಗರಾಜಪುರದ ಅವರ ಮನೆಯಲ್ಲಿ ಪಾಠ. ಯಾಕೆ ಎಂದು ಅವರು ಕೇಳುವ ಮೊದಲೇ ಯಾಕೆ ಎಂದು ನಾನೇ ಹೇಳತೊಡಗಿದೆ. ಪರೀಕ್ಷೆಯಲ್ಲಿ ಒಂದೂ ಅಡಿಷನಲ್ ಶೀಟು ತಗೊಳ್ಳಲಿಲ್ಲ. ಎಪ್ಪತ್ತೆಂಟು ಬಂತು. ಪಿಯುಸಿಯ ತೊಂಬತ್ತಾರನ್ನು ಅವತ್ತಿನಿಂದ ನಾನು ಯಾರಿಗೂ ಹೇಳಿಲ್ಲ, ಈ ಎಪ್ಪತ್ತೆಂಟನ್ನು ಹೇಳದೆ ಬಿಟ್ಟೂ ಇಲ್ಲ.

ಫಲಿತಾಂಶ ನೋಡಿಕೊಂಡು ಓಣಿಗೆ ಬಂದರೆ ಮೂಲೆಯ ಗಣಪತಿ ಗುಡಿಯ ಮುಂದೆ ಮಾವ ನಿಂತಿದ್ದ. ಅವನ ಪಕ್ಕದಲ್ಲಿ ಸೈಟಿನ ಯಜಮಾನರು, ಕೈಯಲ್ಲಿ ತೆಂಗಿನಕಾಯಿ. ಮಾವನಿಗಿಂತ ಮೊದಲು ಅವರೇ ಕೇಳಿದರು.

"ಏನಾಯ್ತಪ್ಪಾ ಲೆಕ್ಕ?"

"ಎಪ್ಪತ್ತೆಂಟು ಸರ್. ಪಾಸು."

"ಅಂದ್ರೆ ಇನ್ನು ಗಾರೆ ಕೆಲಸಕ್ಕೆ ಬರಲ್ಲ?"

"ಇಲ್ಲ ಸರ್. ಎರಡನೇ ವರ್ಷ ಓದ್ತೀನಿ."

ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಕಾಯಿ ಒಡೆದರು. ನೀರು ನನ್ನ ಕಾಲಿಗೂ ಸಿಡಿಯಿತು. ನನ್ನ ಪಾಸಿಗೆ ನನ್ನ ಹೆತ್ತವರೇ ಹರಕೆ ಹೊತ್ತಿರಲಿಲ್ಲ, ಈ ಮನುಷ್ಯ ಹೊತ್ತಿದ್ದಾರಲ್ಲ ಎಂದು ನನಗೆ ಎದೆ ತುಂಬಿಬಂತು.

ಹೋಳುಗಳನ್ನು ಎತ್ತಿಕೊಳ್ಳುತ್ತ ಅವರು ಕೇಳಿದರು: "ಎರಡನೇ ವರ್ಷದಲ್ಲಿ ಲೆಕ್ಕದ ಪೇಪರ್ ಎಷ್ಟಿದೆ?"

"ಎರಡು ಸರ್."

ಅವರು ಪಕ್ಕದ ಅಂಗಡಿಯವನ ಕಡೆ ತಿರುಗಿದರು. "ಇನ್ನೆರಡು ಕಾಯಿ ಕೊಡಪ್ಪಾ, ಈಗಲೇ ಒಡೆದುಬಿಡ್ತೀನಿ. ನಮ್ಮ ಸೈಟಿಗೆ ಇನ್ನೂ ಮೂರು ಕಡೆ ಕಾಂಪೌಂಡ್ ಆಗ್ಬೇಕು."